ಹೆಸರು ಹಿಡಿದು ಕರೆದ ಸೋಮವಾರ

ದೋಸೆ ಹುಯ್ಯುವ ಸೌಟು ಕೈಯಿಂದ ಜಾರಿತು.

ಜಾರಿತು ಎನ್ನುವುದೂ ಸರಿಯಲ್ಲ. ನನ್ನನ್ನು ಕೇಳದೆ ಕೈ ಅದನ್ನು ಬಿಟ್ಟಿತು. ನೀರುದೋಸೆಯ ಹಿಟ್ಟು ಒಲೆಯ ಮೇಲೆ, ನೈಟಿಯ ಮೇಲೆ, ನೆಲದ ಮೇಲೆ. ಬಗ್ಗಿ ಎತ್ತಲು ಹೋದವಳು ಏಳಲಿಲ್ಲ. ಬಲಗೈ ಸೌಟಿನ ಪಕ್ಕದಲ್ಲೇ ಬಿದ್ದಿತ್ತು. ಬಳೆ ನೋಡಿ ನನ್ನದೆಂದು ಗುರುತಾಯಿತು. ಕಾವಲಿಯ ಮೇಲೆ ದೋಸೆ ಸೀಯುತ್ತಿತ್ತು. ಗ್ಯಾಸ್ ಆರಿಸಬೇಕು ಅನಿಸಿತು. ಅನಿಸಿತು, ಅಷ್ಟೇ.

ಇವರು ಆ ಬೆಳಿಗ್ಗೆ ಕೆಲಸದ ಮೇಲೆ ಮಸ್ಕತ್ತಿನಿಂದ ಒಂದೂವರೆ ಗಂಟೆ ದೂರದ ನಿಜ್ವಾಕ್ಕೆ ಹೋಗಿದ್ದರು. ಮಗಳು ಅನು ಸ್ಕೂಲಿಗೆ ಹೋಗುವಾಗ ಎಂದಿನಂತೆ ಬಾಗಿಲು ಸರಿಯಾಗಿ ಎಳೆದುಕೊಂಡಿರಲಿಲ್ಲ. ಅದಕ್ಕಾಗಿ ಎಷ್ಟು ಸಲ ಬೈದಿದ್ದೇನೋ. ಆ ದಿನ ಅದೇ ನನ್ನನ್ನು ಉಳಿಸಿತು. ಸೀದ ವಾಸನೆಗೆ ಎದುರು ಫ್ಲ್ಯಾಟಿನ ಬ್ಲಿಯಾ ಒಳಗೆ ಬಂದಳು. ಅವಳು ಅಮೆರಿಕದವಳು, ಇಲ್ಲಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ನನ್ನ ಮುಖ ನೋಡಿದಳು, ಒಂದೂ ಪ್ರಶ್ನೆ ಕೇಳಲಿಲ್ಲ, ವಾಚ್‌ಮನ್‌ನನ್ನು ಕೂಗಿ ಕಾರಿಗೆ ಹಾಕಿಕೊಂಡಳು.

ಸ್ಟ್ರೋಕ್.

ನನಗೆ ನಲವತ್ತಾರು. ಬಿಪಿ ಇತ್ತು, ಮಾತ್ರೆಯೂ ಇತ್ತು, ನೆನಪಾದಾಗ ನುಂಗುತ್ತಿದ್ದೆ. ಸಿಟಿ ಸ್ಕ್ಯಾನ್, ಇಂಜೆಕ್ಷನ್, ಐಸಿಯು, ಎಂಆರ್‌ಐ. ನ್ಯೂರಾಲಜಿಸ್ಟ್ ಒಮಾನಿ ಹೆಂಗಸು, ಮೆಲುಮಾತಿನವರು. ನನ್ನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಎತ್ತಿ ಬಿಟ್ಟು ನೋಡಿದರು.

“ಸರಿಯಾದ ಸಮಯಕ್ಕೆ ಬಂದಿದ್ದೀರಿ. ನಡೆಯುತ್ತೀರಿ, ಮಾತೂ ತಿಳಿಯಾಗುತ್ತದೆ.”

“ಸೂಜಿ ಹಿಡಿಯಬಹುದಾ, ಡಾಕ್ಟರ್?”

ಅವರು ನನ್ನ ಬೆರಳುಗಳನ್ನು ಮಡಚಿ ಹಾಸಿಗೆಯ ಮೇಲಿಟ್ಟರು. “ಸಣ್ಣ ಕೆಲಸಗಳು ಕೊನೆಗೆ ಬರುತ್ತವೆ. ಕೆಲವು ಬರದೆಯೂ ಇರಬಹುದು.”

ಸೂಜಿ ಎಂದರೆ ನನಗೆ ಏನೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಮಂಗಳೂರಿನ ಕಾನ್ವೆಂಟಿನಲ್ಲಿ ನೀಡ್ಲ್‌ವರ್ಕ್ ಕಲಿಸಿದ ಸಿಸ್ಟರ್ ಬಟ್ಟೆಯನ್ನು ಮೊದಲು ಮಗುಚಿ ಹಿಂಬದಿ ನೋಡುತ್ತಿದ್ದರು. ಹಿಂಬದಿ ಚಂದವಿದ್ದರೆ ಮಾತ್ರ ಕೆಲಸ ಚಂದ. ಮದುವೆಯಾಗಿ ಮಸ್ಕತ್ತಿಗೆ ಬಂದ ಮೇಲೆ, ಇವರು ಆಫೀಸಿಗೆ ಹೋದ ಉದ್ದುದ್ದ ಹಗಲುಗಳನ್ನು ನಾನು ದಾಟಿದ್ದು ಕಸೂತಿಯಿಂದಲೇ. ನನ್ನದೆಂದು ಹೇಳಿಕೊಳ್ಳಲು ಈ ದೇಶದಲ್ಲಿ ನನಗಿದ್ದದ್ದು ಆ ಒಂದೇ ಕೆಲಸ.

ಒಂಬತ್ತನೇ ದಿನ ಮನೆಗೆ ಬಂದೆ. ಕಾಲು ಎಳೆಯುತ್ತಿತ್ತು. ಅನ್ನ ಕಲಸಿ ಬಾಯಿಗಿಡುತ್ತಿದ್ದವಳು ಅನು. ಫಿಸಿಯೋಥೆರಪಿಯವರು ಕೊಟ್ಟ ಮೆತ್ತನೆಯ ಉಂಡೆಯನ್ನು ಹಿಸುಕುತ್ತಾ ಕೂರುತ್ತಿದ್ದೆ. ಉಂಡೆ ಹಾಗೆಯೇ ಇರುತ್ತಿತ್ತು.

ನೋಡಲು ಬ್ಲಿಯಾ ತನ್ನ ಅಮ್ಮನನ್ನು ಕರೆದುಕೊಂಡು ಬಂದಳು. ಮಿನ್ನೆಸೋಟಾದ ಹಿಮ ತಪ್ಪಿಸಿಕೊಳ್ಳಲು ಮಗಳ ಮನೆಗೆ ಬಂದಿದ್ದ ಗಿಡ್ಡ ಅಜ್ಜಿ. ಅವರು ಲಾವೋಸಿನ ಗುಡ್ಡಗಳ ಹ್ಮಾಂಗ್ ಜನ. ಅಲ್ಲಿ ಯುದ್ಧವಾಗಿ, ಹುಡುಗಿಯಾಗಿದ್ದಾಗ ಮೆಕಾಂಗ್ ನದಿ ದಾಟಿ, ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿ ವರ್ಷಗಟ್ಟಲೆ ಕಾದು ಅಮೆರಿಕಕ್ಕೆ ಹೋದವರು. ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಆಡಿದ್ದನ್ನೆಲ್ಲ ಬ್ಲಿಯಾ ಹೇಳಬೇಕು.

ಅಜ್ಜಿ ನನ್ನ ಕೈ ಹಿಡಿದು ಒಂದೇ ಮಾತು ಕೇಳಿದರು.

“ಎಲ್ಲಿ ಬಿದ್ದೆ?”

“ಅಡುಗೆಮನೆಯಲ್ಲಿ.”

“ಹಾಗಾದರೆ ಅದು ಇನ್ನೂ ಅಲ್ಲೇ ಇರಬಹುದು.”

ಬ್ಲಿಯಾ ನಾಚಿಕೊಳ್ಳುತ್ತಾ ವಿವರಿಸಿದಳು. ಮನುಷ್ಯ ಬೆಚ್ಚಿಬಿದ್ದರೆ ಜೀವ ಅಲ್ಲೇ ಉಳಿದುಬಿಡುತ್ತದಂತೆ. ದೇಹ ಮಾತ್ರ ಮನೆಗೆ ಬಂದಿರುತ್ತದೆ. ಅದನ್ನು ಕರೆಯಬೇಕು. “ನನಗೆ ಅಪೆಂಡಿಕ್ಸ್ ಆಪರೇಶನ್ ಆದಾಗ ಅಮ್ಮ ಆಸ್ಪತ್ರೆಯ ಪಾರ್ಕಿಂಗಿನಲ್ಲಿ, ಮಂಜಿನಲ್ಲಿ ನಿಂತು ನನ್ನ ಜೀವ ಕರೆದರು. ನನ್ನ ಕ್ಲಾಸಿನವಳೊಬ್ಬಳು ನೋಡಿದಳು. ಸತ್ತುಹೋಗಬೇಕು ಅನಿಸಿತ್ತು. ನಿಮಗೆ ಬೇಡವಾದರೆ ಬೇಡ ಅನ್ನಿ.”

ನಮ್ಮಲ್ಲಿಯೂ ಮಕ್ಕಳು ಹೆದರಿದರೆ ನೂಲು ಕಟ್ಟುತ್ತಾರೆ. ಬೇಡ ಅನ್ನಲು ನನಗೇನು ಹಕ್ಕು?

ಸೋಮವಾರ ಸಂಜೆ ಬಂದರು. ಬಾಗಿಲು ಪೂರ್ತಿ ತೆರೆದಿಟ್ಟರು. ಸ್ಟೂಲಿನ ಮೇಲೆ ಒಂದು ಬಟ್ಟಲು ಅಕ್ಕಿ, ಅಕ್ಕಿಯ ಮೇಲೆ ನೆಟ್ಟಗೆ ನಿಲ್ಲಿಸಿದ ಒಂದು ಮೊಟ್ಟೆ, ನಮ್ಮದೇ ಊದುಬತ್ತಿ. ಸೋಮವಾರ ನಮ್ಮ ಮನೆಯೊಳಗೆ ಮೊಟ್ಟೆ ಬರುವುದಿಲ್ಲ. ಇವರು ನೋಡಿಯೂ ನೋಡದವರ ಹಾಗೆ ಇದ್ದರು. ಕೋಳಿಯೂ ಬೇಕಿತ್ತಂತೆ. ಲಿಫ್ಟಿನಲ್ಲಿ ಜೀವದ ಕೋಳಿ ತಂದರೆ ವಾಚ್‌ಮನ್ ಏನನ್ನುತ್ತಾನೋ ಎಂದು ಬ್ಲಿಯಾ ತಡೆದಿದ್ದಳು.

ಅಜ್ಜಿ ಹೊಸ್ತಿಲಲ್ಲಿ ನಿಂತು ಕಾರಿಡಾರಿನ ಕಡೆ ಮುಖ ಮಾಡಿ ಹಾಡಿದರು. ನಮ್ಮ ತುಳುನಾಡಿನ ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಪಾಡ್ದನದ ಹಾಡು ಎತ್ತಿದ ಹಾಗೆ, ಏರಿಳಿಯದೆ ಮುಂದಕ್ಕೆ ಹೋಗುವ ರಾಗ. ಬ್ಲಿಯಾ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. “ಒಲೆಯ ಹತ್ತಿರ ನಿಲ್ಲಬೇಡ. ಕಾರಿನ ಹಿಂದಿನ ಸೀಟಿನಲ್ಲಿ ಕೂರಬೇಡ. ಸ್ಕ್ಯಾನಿನ ಮೆಷಿನ್ನಿನೊಳಗೆ ಮಲಗಬೇಡ. ಇಲ್ಲಿ ಅನ್ನ ಇದೆ, ನಿನ್ನ ಬಟ್ಟೆ ಇದೆ, ಮಗಳಿದ್ದಾಳೆ. ಬಾ.”

ಮೆಷಿನ್ನಿನೊಳಗೆ ನಾನು ಮಲಗಿದ್ದೆ. ಜೀವ ಅಲ್ಲೂ ಉಳಿದಿರಬಹುದೆಂದು ನಮ್ಮ ಕಡೆಯ ಯಾರಿಗೂ ಹೊಳೆದಿರಲಿಲ್ಲ.

ಅಜ್ಜಿ ನಿಲ್ಲಿಸಿ ಇವರ ಕಡೆ ತಿರುಗಿದರು.

“ನನ್ನ ದನಿ ಅದಕ್ಕೆ ಹೊಸದು. ಮನೆಯವರು ಕರೆಯಬೇಕು. ನೀವು ಏನೆಂದು ಕರೆಯುತ್ತೀರಿ?”

ಇವರು ನನ್ನನ್ನು ನೋಡಿದರು. ಗೋಡೆ ನೋಡಿದರು. ಮದುವೆಯಾಗಿ ಇಪ್ಪತ್ತೆರಡು ವರ್ಷ. “ಓಯ್... ಹಾಗೇ ಕರೆಯುವುದು.”

ಬ್ಲಿಯಾ ಅದನ್ನು ಅಮ್ಮನಿಗೆ ಹೇಳಿದಳು. ಅಜ್ಜಿಯ ಮುಖ ಗಂಭೀರವಾಯಿತು.

“ಹಾಗೆ ಕರೆದರೆ ಆಸ್ಪತ್ರೆಯಲ್ಲಿ ದಾರಿ ತಪ್ಪಿದ ಜೀವಗಳೆಲ್ಲ ಇಲ್ಲಿಗೇ ಬರುತ್ತವೆ. ಇಷ್ಟು ಜನಕ್ಕೆ ನಿಮ್ಮ ಮನೆಯಲ್ಲಿ ಜಾಗ ಇದೆಯಾ?”

“ಅಮ್ಮಾ, ಪಪ್ಪ ಈಸ್ ಬ್ಲಶಿಂಗ್!” ಎಂದಳು ಅನು.

“ಸುಮ್ನೆ ಕೂತ್ಕೊ ಮಾರಾಯ್ತಿ,” ಎಂದರು ಇವರು. ಆಮೇಲೆ ಹೊಸ್ತಿಲಿಗೆ ಹೋಗಿ, ಎದುರಿನ ಲಿಫ್ಟಿನ ಬಾಗಿಲನ್ನು ನೋಡುತ್ತಾ, ಗಂಟಲು ಸರಿಮಾಡಿಕೊಂಡು ತುಳುವಿನಲ್ಲಿ ಕರೆದರು.

“ಸುಗುಣ... ಇಲ್ಲಡೆಗ್ ಬಲ.”

ಸುಗುಣ, ಮನೆಗೆ ಬಾ.

ಎರಡನೇ ಸಲ ಕರೆಯುವಾಗ ದನಿ ಒಡೆಯಿತು. ಮೂರನೇ ಸಲ ಕಾರಿಡಾರಿನ ಕೊನೆಯ ತನಕ ಕೇಳುವಷ್ಟು ಗಟ್ಟಿಯಾಗಿ ಕರೆದರು. ನಾನು ಬಿದ್ದ ದಿನ ನಿಜ್ವಾದಿಂದ ಒಬ್ಬರೇ ಕಾರು ಓಡಿಸಿಕೊಂಡು ಬಂದ ಆ ದಾರಿಯುದ್ದಕ್ಕೂ ಬಾಯಿಗೆ ಬಾರದೆ ಉಳಿದದ್ದು ಈಗ ಹೊರಬರುತ್ತಿದೆ ಎಂದು ನನಗೆ ತಿಳಿಯಿತು.

“ಬಂತಾ?” ಎಂದು ಅಜ್ಜಿ ಕೇಳಿದರು. ಅನುವೇ “ಬಂತು, ಬಂತು” ಎಂದಳು.

ಒಬ್ಬೊಬ್ಬರೂ ನನ್ನ ಬಲ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದರು. ಇವರು ಹಾಕಿದ ಗಂಟು ಪೆಟ್ಟಿಗೆ ಕಟ್ಟಿದ ಹಾಗಿತ್ತು.

ಮುಂದಿನ ಚೆಕಪ್ಪಿನಲ್ಲಿ ಡಾಕ್ಟರ್ ದಾರಗಳನ್ನು ಬೆರಳಿನಿಂದ ಮುಟ್ಟಿ ನಕ್ಕರು. “ಇದೂ ಇರಲಿ. ಮಾತ್ರೆ ಒಂದು ದಿನವೂ ತಪ್ಪಬಾರದು.” ತಪ್ಪಿಸಿಲ್ಲ.

ಆಮೇಲೆ ಅಜ್ಜಿ ದಿನಾ ಬೆಳಿಗ್ಗೆ ಬಂದು ನನ್ನ ಪಕ್ಕ ಕುಳಿತು ಹೊಲಿಯತೊಡಗಿದರು. ನಮ್ಮಿಬ್ಬರ ನಡುವೆ ಭಾಷೆ ಇರಲಿಲ್ಲ, ಸೂಜಿಡಬ್ಬಿ ಇತ್ತು. ಒಂದು ದಿನ ಹಳೆಯ ನೀಲಿ ಬಟ್ಟೆಯೊಂದನ್ನು ತಂದರು. ಶಿಬಿರದಲ್ಲಿ ಹೊಲಿದದ್ದು. ಮೇಲ್ಗಡೆ ಗುಡ್ಡ, ಜೋಳದ ಹೊಲ, ವಿಮಾನ. ಬೆನ್ನಿಗೆ ಮಕ್ಕಳನ್ನು ಕಟ್ಟಿಕೊಂಡು ಸಾಲಾಗಿ ಇಳಿಯುವ ಜನ, ಒಬ್ಬೊಬ್ಬರೂ ನನ್ನ ಕಿರುಬೆರಳಿನಷ್ಟು. ಅಡ್ಡಕ್ಕೆ ನದಿ. ನದಿಯಲ್ಲಿ ಬಿದಿರು ತಬ್ಬಿಕೊಂಡ ಮನುಷ್ಯರು. ಬರೆಯಲು ಕಲಿಯದ ಹುಡುಗಿಯೊಬ್ಬಳು ಒಂದು ದೇಶವನ್ನೇ ಮಡಚಿಕೊಂಡು ಹೊರಟಿದ್ದಳು.

ಅಭ್ಯಾಸಬಲ. ನಾನು ಮಗುಚಿ ಹಿಂಬದಿ ನೋಡಿದೆ.

ಅಜ್ಜಿ ಜೋರಾಗಿ ನಕ್ಕು ನನ್ನ ಭುಜ ತಟ್ಟಿದರು. ಹಿಂಬದಿ ಸಿಸ್ಟರ್ ತಲೆದೂಗುವಷ್ಟು ಚೊಕ್ಕ. ನದಿಯ ನಡುವೆ ಒಂದೇ ಕಡೆ ದಾರ ದಪ್ಪಗಾಗಿತ್ತು. ಹೊಲಿದು, ಬಿಚ್ಚಿ, ಮತ್ತೆ ಹೊಲಿದ ಗುರುತು. ಮುಂಬದಿಯಲ್ಲಿ ಆ ಜಾಗದಲ್ಲಿ ಒಂದು ಪುಟ್ಟ ಹುಡುಗಿ ಇದ್ದಳು. ಅವಳ ಕೈಯಲ್ಲಿ ಬಿದಿರಿರಲಿಲ್ಲ.

“ಅಮ್ಮನ ತಂಗಿ,” ಎಂದಳು ಸಂಜೆ ಬ್ಲಿಯಾ. “ಅಮ್ಮ ಪ್ರತಿವರ್ಷ ಮಿನ್ನೆಸೋಟಾದ ಬಾಗಿಲಲ್ಲಿ ನಿಂತು ಅವಳನ್ನೂ ಕರೆಯುತ್ತಾರೆ.”

ಅಷ್ಟು ದೂರದಿಂದ. ಇಷ್ಟು ವರ್ಷವಾದರೂ.

ನನ್ನ ಜೀವವನ್ನು ಅಡುಗೆಮನೆಯಿಂದ ಹಾಲಿಗೆ ಕರೆಯುವುದು ಅವರಿಗೆ ಎಷ್ಟು ಹತ್ತಿರದ ಕೆಲಸವಾಗಿತ್ತು ಎಂದು ಆಗ ಅರ್ಥವಾಯಿತು.

ಅಜ್ಜಿ ಹಿಂತಿರುಗಿ ಹೋಗಿ ತಿಂಗಳಾಯಿತು. ದಾರಗಳು ತಾವಾಗಿ ಸವೆದು ಬಿದ್ದವು. ಇವರದೊಂದು ಇನ್ನೂ ಇದೆ. ಕುಪ್ಪಸದ ಹುಕ್ಕು ಈಗಲೂ ಅನುವೇ ಹಾಕಬೇಕು, ಸಹಿ ಮಾಡಿದರೆ ಬ್ಯಾಂಕಿನವರು ಒಪ್ಪುವುದಿಲ್ಲ. ಅಜ್ಜಿ ಬಿಟ್ಟುಹೋದ ನೀಲಿ ಬಟ್ಟೆಯ ತುಂಡಿನಲ್ಲಿ ದಿನಕ್ಕೆ ನಾಲ್ಕು ಹೊಲಿಗೆ ಹಾಕುತ್ತೇನೆ. ಸೊಟ್ಟ. ಹಿಂಬದಿಯನ್ನಂತೂ ಯಾರಿಗೂ ತೋರಿಸುವ ಹಾಗಿಲ್ಲ.

ನಿನ್ನೆ ಸಂಜೆ ಬಾಗಿಲು ತೆರೆದ ಸದ್ದಾಯಿತು. ಇವರು ಚಪ್ಪಲಿ ಬಿಚ್ಚುತ್ತಾ “ಓಯ್” ಎಂದರು. ಇನ್ನೊಂದು ಚಪ್ಪಲಿಯೂ ಗೋಡೆಬದಿಗೆ ಸರಿದ ಸದ್ದು.

“ಸುಗುಣ,” ಎಂದರು.

ನಾನು ಬಲಗೈಯಿಂದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದೆ.

“ಬಂದೆ,” ಎಂದೆ.