ತಂಗಿಯ ಜಳಕ

ಒಬ್ಬ ಮನುಷ್ಯನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೋ ಇಲ್ಲವೋ ತಿಳಿಯಬೇಕಾದರೆ ಹಿಮ್ಮಡಿ ನೋಡಬೇಕು, ಕಿವಿಯ ಹಿಂದೆ ನೋಡಬೇಕು, ಟವೆಲು ಮೂಸಬೇಕು. ಮೈಗೆ ಪೌಡರ್ ಜಾಸ್ತಿ ಬಡಿದಿದ್ದರೆ ಅವತ್ತು ಜಳಕ ಆಗಿಲ್ಲ ಎಂದೇ ಅರ್ಥ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ರೋಗಿಗಳ ಮೈ ತೊಳೆಯುವ ಆಯಾ ಆಗಿ ಕೆಲಸ ಮಾಡಿದವಳು ನಾನು. ಪೌಡರಿನ ಆಟವನ್ನು ನಾನೇ ಆಡಿದ್ದೇನೆ, ಹಾಗಾಗಿ ಬೇರೆಯವರು ಆಡಿದರೆ ಬಾಗಿಲಲ್ಲೇ ಗೊತ್ತಾಗುತ್ತದೆ.

ನನ್ನ ತಂಗಿ ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಅವಳಿಗೂ ಈಗ ಐವತ್ತೈದು ದಾಟಿದೆ, ತಲೆ ನನಗಿಂತ ಬೆಳ್ಳಗಾಗಿದೆ. ಬುದ್ಧಿ ಚಿಕ್ಕಂದಿನಲ್ಲೇ ನಿಧಾನವಾಯಿತು. ಮಾತು ತಿಳಿಯುತ್ತದೆ, ಸ್ವಲ್ಪ ಆಡುತ್ತಾಳೆ. ಹಾಡು ಒಂದು ಸಲ ಕೇಳಿದರೆ ಮರೆಯುವುದಿಲ್ಲ. ಆದರೆ ಒಂದು ಕೆಲಸ ಮುಗಿದ ಮೇಲೆ ಮುಂದಿನದು ಯಾವುದು ಎಂದು ಯಾರಾದರೂ ಹೇಳಬೇಕು. ಅವ್ವ ಸಾಯುವಾಗ ತಂಗಿಯ ಕೈಯನ್ನು ನನ್ನ ಕೈಯಲ್ಲಿಟ್ಟಳು ಎಂದರೆ ಕೇಳಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಸಿಕಂದರಾಬಾದ್ ಪಕ್ಕದ ಮಲ್ಕಾಜ್‌ಗಿರಿಯಲ್ಲಿ ಉಳಿದವರು ನಾವು. ಅಪ್ಪ ಹೋದ, ಅವ್ವ ಹೋದಳು, ತಂಗಿ ಉಳಿದಳು. ಮನೆಯಲ್ಲಿ ನಾನಿದ್ದೆ. ಅಷ್ಟೇ.

ಕೆಲಸದಲ್ಲಿದ್ದಾಗ ಮುಂಜಾನೆ ಏಳಕ್ಕೆ ನನಗೆ ಡ್ಯೂಟಿ. ಆರಕ್ಕೆ ಅವಳನ್ನು ಬಚ್ಚಲಲ್ಲಿ ಕೂರಿಸಿ ಐದು ನಿಮಿಷದಲ್ಲಿ ಜಳಕ ಮುಗಿಸುತ್ತಿದ್ದೆ. ಕೈ ಎತ್ತು ಎಂದರೆ ಎತ್ತುತ್ತಿದ್ದಳು, ತಿರುಗು ಎಂದರೆ ತಿರುಗುತ್ತಿದ್ದಳು. ಇಂಥ ಅಕ್ಕ ಯಾರಿಗೂ ಸಿಗುವುದಿಲ್ಲ ಎಂದು ಓಣಿಯವರು ಹೊಗಳುತ್ತಿದ್ದರು. ನಾನೂ ನಂಬಿದ್ದೆ.

ಎರಡು ವರ್ಷದ ಹಿಂದೆ ಅವಳಿಗೆ ಸೋಪು ಹಚ್ಚುವಾಗ ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ಮಣಿಕಟ್ಟು ಮುರಿಯಿತು, ಸೊಂಟ ಹಿಡಿದುಕೊಂಡಿತು, ಏಳಲು ಆಗಲಿಲ್ಲ. ಯಾರನ್ನಾದರೂ ಕರೆ ಎಂದು ಹೇಳುವಷ್ಟರಲ್ಲಿ ಕಣ್ಣು ಕತ್ತಲೆಯಾಯಿತು. ಎಚ್ಚರವಾದಾಗ ಪಕ್ಕದ ಮನೆಯವಳು ನನ್ನ ತಲೆ ಎತ್ತಿ ಹಿಡಿದಿದ್ದಳು. ತಂಗಿ ಮಣೆಯ ಮೇಲೆ ಹಾಗೇ ಕುಳಿತಿದ್ದಳು. ಮೈಮೇಲಿನ ನೊರೆ ಒಣಗಿ ಸುಣ್ಣ ಬಳಿದಂತಾಗಿತ್ತು.

"ನಿಮ್ಮಕ್ಕ ಬಿದ್ದಾಳ, ಒಂದ್ ಕೂಗ್ ಹಾಕಾಕ ಏನಾಗಿತ್ತು ನಿನಗ?" ಎಂದು ಪಕ್ಕದ ಮನೆಯವಳು ಬೈದಳು.

"ಅಕ್ಕ ಇನ್ನಾ ನೀರ್ ಹಾಕಿಲ್ಲ," ಎಂದಳು ತಂಗಿ.

ಆಸ್ಪತ್ರೆಯ ಮಂಚದಲ್ಲಿ ಆ ಮಾತೇ ತಲೆಯಲ್ಲಿ ತಿರುಗಿತು. ನಾನು ಸತ್ತರೂ ಅವಳು ನೀರಿಗೆ ಕಾಯುತ್ತಾ ನನ್ನ ಹೆಣದ ಪಕ್ಕ ಕುಳಿತಿರುತ್ತಾಳೆ. ಪ್ಲಾಸ್ಟರ್ ಬಿಚ್ಚಿದ ವಾರವೇ ಅವಳಿಗೊಂದು ಜಾಗ ಹುಡುಕಲು ಹೊರಟೆ.

ಮೊದಲು ನೋಡಿದ್ದು ದೊಡ್ಡ ಕಟ್ಟಡ. ನೆಲ ಫಳಫಳ. ಹೆಂಗಸರೆಲ್ಲರಿಗೂ ಒಂದೇ ಬಣ್ಣದ ನೈಟಿ, ಎಲ್ಲರ ತಲೆಯೂ ಒಂದೇ ಅಳತೆಗೆ ಕತ್ತರಿಸಿದ್ದು. ಕೂದಲು ಕತ್ತರಿಸುವುದು ಬಾಚುವವರ ಅನುಕೂಲಕ್ಕೆ, ಇದು ನನಗೆ ಗೊತ್ತು. ಪೌಡರಿನ ವಾಸನೆ ಗೇಟಿನವರೆಗೂ ಬಂದಿತ್ತು. ಚಹಾ ಕುಡಿಯಿರಿ ಎಂದರು. ಬೇಡ ಎಂದು ಬಂದೆ.

ಎರಡನೆಯದು ಸಿಕಂದರಾಬಾದಿನ ಆಚೆ ಒಂದು ಬಾಡಿಗೆ ಮನೆ. ನನ್ನ ತಂಗಿಯಂಥ ನಾಲ್ವರು ಹೆಂಗಸರು, ಪಾಳಿಯ ಮೇಲೆ ಬರುವ ಇಬ್ಬರು ನೋಡಿಕೊಳ್ಳುವವರು. ನಾನು ಒಳಗೆ ಹೋದಾಗ ಅಲ್ಲಿದ್ದ ಒಬ್ಬಳು ಬೇಳೆಗೆ ಖಾರ ಜಾಸ್ತಿ ಆಯಿತೆಂದು ನೋಡಿಕೊಳ್ಳುವವಳ ಜೊತೆ ಜಗಳ ತೆಗೆದಿದ್ದಳು. ನನಗೆ ಸಮಾಧಾನವಾಯಿತು. ಹೆದರಿಕೆ ಇರುವ ಕಡೆ ಯಾರೂ ಬೇಳೆಗೆ ಜಗಳವಾಡುವುದಿಲ್ಲ. ಮೊಳೆಗಳಿಗೆ ನಾಲ್ಕು ಬಣ್ಣದ ಟವೆಲು ತೂಗು ಹಾಕಿದ್ದರು. ಒಂದೊಂದನ್ನೂ ಮೂಸಿದೆ.

"ಏನ್ರಿ ಅಮ್ಮಾ, ಟವೆಲ್ ಖರೀದಿ ಮಾಡ್ತೀರೇನು?" ಎಂದು ನೋಡಿಕೊಳ್ಳುವವಳು ನಕ್ಕಳು. ಝಹೀರಾಬಾದ್ ಕಡೆಯವಳು, ಮೂವತ್ತು ಇರಬಹುದು. ಕನ್ನಡ, ತೆಲುಗು ಎರಡೂ ಅವಳ ಬಾಯಲ್ಲಿ ಒಟ್ಟೊಟ್ಟಿಗೇ ಬರುತ್ತಿದ್ದವು.

ಒಂದು ಷರತ್ತಿತ್ತು. ಮೂರು ತಿಂಗಳು ಇಟ್ಟುಕೊಂಡು ನೋಡುತ್ತಾರೆ. ಅಷ್ಟರಲ್ಲಿ ಜಳಕ, ಸಂಡಾಸು ತಾನೇ ಮಾಡಿಕೊಳ್ಳಲು ಕಲಿಯಬೇಕು. ಬಾಯಲ್ಲಿ ಹೇಳಿಕೊಡುತ್ತಾರೆ, ಮೈಗೆ ಕೈ ಹಾಕುವುದಿಲ್ಲ. ಕಲಿಯದಿದ್ದರೆ ಊರಾಚೆಯ ಇನ್ನೊಂದು ಮನೆಗೆ ಕಳಿಸುತ್ತಾರೆ. ಅಲ್ಲಿ ಎಲ್ಲವನ್ನೂ ಅವರೇ ಮಾಡುತ್ತಾರೆ. ಅದನ್ನೂ ಹೋಗಿ ನೋಡಿದೆ. ಕೊಳಕಿಲ್ಲ, ಹೊಡೆತವಿಲ್ಲ. ಆದರೆ ತೊಳೆಸಿಕೊಂಡು, ತಿಂದು, ಮತ್ತೆ ಮಂಚ. ನನ್ನ ತಂಗಿ ಅಲ್ಲಿಗೆ ಹೋದರೆ ಹಾಡುವುದನ್ನೂ ಬಿಡುತ್ತಾಳೆ ಅನ್ನಿಸಿತು.

ಬಾಡಿಗೆ ಮನೆಯ ಬಚ್ಚಲ ಗೋಡೆಗೆ ಅವಳದೇ ಐದು ಫೋಟೋ ತೆಗೆದು ಅಂಟಿಸಿದರು. ಬಕೆಟ್ ಹಿಡಿದದ್ದು, ಚೊಂಬು ಹಿಡಿದದ್ದು, ಸೋಪು, ಬೆನ್ನು ತಿಕ್ಕುವ ಬ್ರಷ್ಷು, ಟವೆಲು. ಆ ಕಡೆಯಿಂದ ಈ ಕಡೆಗೆ ನೋಡುತ್ತಾ ಹೋದರೆ ಜಳಕ ಮುಗಿಯಬೇಕು. ಅಕ್ಷರ ಬೇಕಿಲ್ಲ. ನನಗೂ ಒಮ್ಮೆಗೇ ತಿಳಿಯಿತು.

ಪ್ರತಿ ಭಾನುವಾರ ನಾನು ಹೋಗುತ್ತಿದ್ದೆ. ಹೆಂಗಸರಿಗೆ ಈಗ ಬಸ್ಸಿನಲ್ಲಿ ಜೀರೋ ಟಿಕೆಟ್, ಆಧಾರ್ ತೋರಿಸಿದರೆ ಸಾಕು. ಚೀಲದಲ್ಲಿ ಕೊಬ್ಬರಿ ಎಣ್ಣೆ, ಸೀಗೆಪುಡಿ. ತಲೆಗೆ ಎಣ್ಣೆ ಹಚ್ಚುತ್ತೇನೆ ಎಂದು ಹೇಳಿ ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಚಿಲಕ ಹಾಕಿ, ಅಡಿಯಿಂದ ಮುಡಿಯವರೆಗೆ ತಿಕ್ಕಿ ತೊಳೆಯುತ್ತಿದ್ದೆ. ಇವರಿಗೆ ಬೆನ್ನು ತಿಕ್ಕಲು ಬರುವುದಿಲ್ಲ ಎಂದು ಬೈದುಕೊಳ್ಳುತ್ತಲೇ ತೊಳೆಯುತ್ತಿದ್ದೆ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಝಹೀರಾಬಾದಿನವಳು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಒಂದು ಕ್ಯಾಲೆಂಡರ್ ತೋರಿಸಿದಳು. ತಂಗಿ ತಾನಾಗಿ ಮಾಡಿದ ಒಂದೊಂದು ಕೆಲಸಕ್ಕೂ ಒಂದೊಂದು ಚುಕ್ಕಿ. ಶನಿವಾರಗಳಲ್ಲಿ ನಾಲ್ಕು ಚುಕ್ಕಿ. ಸೋಮವಾರಗಳೆಲ್ಲ ಖಾಲಿ.

"ಸೋಮವಾರ ನಿಮ್ ತಂಗಿಯವ್ರು ಬಕೆಟ್ ಮುಂದ ಸುಮ್ನ ಕೂತ್ಬಿಡ್ತಾರ. ಮತ್ತ ಮೊದಲಿಂದ ಶುರು ಮಾಡ್ಬೇಕು. ಐತವಾರ ಏನ್ ಆಗ್ತದ್ರಿ ಅಮ್ಮಾ?"

"ನಾ ಎಣ್ಣಿ ನೀರ್ ಹಾಕ್ತೀನಿ. ಐವತ್ ವರ್ಷ ಹಾಕೀನಿ. ತಪ್ಪೇನೈತಿ?"

"ನೀವ್ ಹೋದಮ್ಯಾಲ ನಾಕ್ ದಿನ ಅವ್ರು ನಿಮ್ ಕೈ ದಾರಿ ನೋಡ್ತಾರ."

"ಹಂಗಾರ ಆಕಿ ಹೊಲಸ ಬೆನ್ನ ಇಟ್ಕೊಂಡ್ ಕೂಡ್ಲೇನು?"

"ಬೆನ್ನ ಹೊಲಸಿದ್ರ ಯಾರೂ ಸಾಯಂಗಿಲ್ರಿ. ಇನ್ನೊಂದ್ ತಿಂಗಳದಾಗ ಕಲೀಲಿಲ್ಲಂದ್ರ ಆ ಮನಿಗಿ ಕಳಸ್ತಾರ. ಅದು ನಿಮಗ ಬೇಕೇನು?"

"ನೀ ಹುಟ್ಟೂಕಿಂತ ಮೊದ್ಲಿಂದ ಮಂದಿ ಮೈ ತೊಳದೀನಿ ನಾ. ನನಗ ಹೇಳಾಕ ಬರಬ್ಯಾಡ."

"ಅದಕ್ಕೇ ನಿಮಗ ಕೈ ಬಿಡಲಾಕ ಆಗವಲ್ದು," ಎಂದಳು. ದನಿ ಏರಿಸಲಿಲ್ಲ.

ಚೀಲ ಎತ್ತಿಕೊಂಡು ಬಂದುಬಿಟ್ಟೆ. ಬಸ್ಸಿನಲ್ಲಿ ಕುಳಿತ ಮೇಲೆ ಆಸ್ಪತ್ರೆಯ ಹಳೆಯ ಮಾತೊಂದು ನೆನಪಾಯಿತು. ಕೈ ಎತ್ತಲು ಬರುವ ರೋಗಿ ತನ್ನ ಮುಖವನ್ನು ತಾನೇ ತೊಳೆದುಕೊಳ್ಳಲಿ ಎಂದು ವಾರ್ಡಿನ ದೊಡ್ಡ ನರ್ಸಮ್ಮ ಹೇಳುತ್ತಿದ್ದಳು. ನಾವು ಆಯಾಗಳು ಅವಳ ಬೆನ್ನ ಹಿಂದೆ ನಗುತ್ತಿದ್ದೆವು. ರೋಗಿ ತಾನೇ ತೊಳೆದುಕೊಂಡರೆ ಇಪ್ಪತ್ತು ನಿಮಿಷ, ನಾವು ಒರೆಸಿದರೆ ಎರಡು. ಮನೆಯಲ್ಲೂ ನಾನು ಮಾಡಿದ್ದು ಅದನ್ನೇ. ಪ್ರೀತಿಗೆ ಜಳಕ ಮಾಡಿಸಲಿಲ್ಲ, ಏಳರ ಡ್ಯೂಟಿಗೆ ಮಾಡಿಸಿದೆ. ಡ್ಯೂಟಿ ಮುಗಿದು ಹತ್ತು ವರ್ಷ ಆಗಿತ್ತು. ಆದರೂ ಅವಳಿಗೆ ಐದೇ ನಿಮಿಷ ಕೊಡುತ್ತಿದ್ದೆ.

ಮುಂದಿನ ಭಾನುವಾರ ಎಣ್ಣೆ ಒಯ್ಯಲಿಲ್ಲ. ಬಚ್ಚಲ ಬಾಗಿಲ ಹೊರಗೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕುಳಿತೆ. ತಂಗಿ ಒಳಗೆ ಹೋಗಿ ಬಕೆಟ್ಟಿನ ಮುಂದೆ ಕುಳಿತಳು. ಬಾಗಿಲು ಓರೆಯಾಗಿತ್ತು.

"ಅಕ್ಕಾ, ಬಾ."

"ನನ್ ಕೈ ನೋಯಾಕತ್ತೈತಿ. ನೀನ ಹಾಕ್ಕೋ."

ಅಡುಗೆ ಮನೆಯಿಂದ ಝಹೀರಾಬಾದಿನವಳು, "ಸುಳ್ಳ್ ಹೇಳಬ್ಯಾಡ್ರಿ ಅಮ್ಮಾ, ಅವ್ರಿಗಿ ತಿಳೀತದ," ಎಂದಳು.

ನನ್ನ ತಂಗಿಗೆ ಸುಳ್ಳು ತಿಳಿಯುತ್ತದೆ ಎಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

"ನಾ ಹಾಕಂಗಿಲ್ಲ," ಎಂದೆ. "ಇನ್ ಮ್ಯಾಲೂ ಹಾಕಂಗಿಲ್ಲ. ಗ್ವಾಡಿ ಮ್ಯಾಲಿನ ಫೋಟೋ ನೋಡು."

ಅವಳು ಕಾದಳು. ನಾನೂ ಕಾದೆ. ಬಿಸಿನೀರಿನ ಹಬೆ ಮೊದಲು ಬಾಗಿಲ ಸಂದಿಯಿಂದ ಬರುತ್ತಿತ್ತು, ಆಮೇಲೆ ನಿಂತುಹೋಯಿತು. ನೀರು ಆರುತ್ತಿದೆ, ಥಂಡಿ ಆಗುತ್ತದೆ, ಒಂದೇ ಚೊಂಬು ಹಾಕಿ ಬಂದರೆ ಏನಾಗುತ್ತದೆ ಎಂದು ಎರಡು ಸಲ ಎದ್ದೆ, ಎರಡು ಸಲವೂ ಕುಳಿತೆ. ಕೊನೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕುಳಿತೆ. ಎಷ್ಟೋ ಹೊತ್ತಾದ ಮೇಲೆ ಚೊಂಬು ಬಕೆಟ್ಟಿಗೆ ತಾಗಿದ ಸದ್ದು. ನೀರು ಬಿದ್ದ ಸದ್ದು. ಆಮೇಲೆ ಅವಳು ಹಾಡತೊಡಗಿದಳು. ಅವ್ವ ಬೀಸುವಾಗ ಹಾಡುತ್ತಿದ್ದ ಧಾಟಿ, ಆದರೆ ಮಾತು ಅವಳದೇ: ಬಕೆಟ್ಟು, ಚೊಂಬು, ಸೋಪು.

ಮುಕ್ಕಾಲು ಗಂಟೆಯ ಮೇಲೆ ಬಟ್ಟೆ ಹಾಕಿಕೊಂಡು ಹೊರಗೆ ಬಂದಳು. ಬ್ಲೌಸಿನ ಗುಂಡಿ ಒಂದು ತಪ್ಪಿತ್ತು. ನಾನು ಚಟಕ್ಕೆ ಕಿವಿಯ ಹಿಂದೆ ನೋಡಿದೆ. ಅಲ್ಲಿ ನೊರೆ ಇತ್ತು. ಕೈ ತಾನಾಗಿ ಮೇಲೆದ್ದಿತು, ಅರ್ಧ ದಾರಿಯಲ್ಲಿ ತಡೆದೆ.

"ಕಿವಿ ಹಿಂದ ನೊರಿ ಐತಿ ನೋಡು," ಎಂದೆ. ಅಷ್ಟೇ ಹೇಳಿದ್ದು.

ಅವಳು ಮುಟ್ಟಿಕೊಂಡು ಬೆರಳು ನೋಡಿದಳು. ಸ್ವಲ್ಪ ಹೊತ್ತು ನಿಂತಳು. ಮತ್ತೆ ಬಚ್ಚಲಿಗೆ ಹೋಗಿ ನನ್ನ ಮುಖದ ಮೇಲೆಯೇ ಬಾಗಿಲು ಹಾಕಿಕೊಂಡಳು. ಹೋಗು ಎಂದು ಯಾರೂ ಹೇಳಿರಲಿಲ್ಲ. ಒಳಗೆ ನೀರಿನ ಸದ್ದಾಯಿತು. ಝಹೀರಾಬಾದಿನವಳು ಸೌಟು ಹಿಡಿದುಕೊಂಡೇ ಬಂದು ನನ್ನ ಪಕ್ಕ ನಿಂತಳು.

ಮರುದಿನ ಸೋಮವಾರ ಮೂರು ಚುಕ್ಕಿ ಬಿದ್ದವು. ಆಮೇಲಿನ ಸೋಮವಾರ ನಾಲ್ಕು. ಬೆನ್ನು ತಿಕ್ಕುವ ಫೋಟೋ ಅವಳಿಗೆ ಸೇರುವುದಿಲ್ಲ, ಅದನ್ನು ದಾಟಿ ಟವೆಲಿಗೆ ಹೋಗುತ್ತಾಳೆ. ಮೂರು ತಿಂಗಳು ಮುಗಿದಾಗ ಮನೆ ನಡೆಸುವವರು ಬಂದು ನೋಡಿ, ಇರಲಿ, ಬೆನ್ನು ನಿಧಾನಕ್ಕೆ ಕಲಿಯುತ್ತಾರೆ ಎಂದರು. ಅಲ್ಲೇ ಇದ್ದಾಳೆ, ವರ್ಷ ದಾಟಿತು.

ಈಗಲೂ ಭಾನುವಾರ ಹೋಗುತ್ತೇನೆ. ಟವೆಲು ಮೂಸುವುದನ್ನು ಬಿಟ್ಟಿಲ್ಲ. ಹೋದ ವಾರ ಅವಳ ಹಿಮ್ಮಡಿ ಒಡೆದಿತ್ತು. ಎಣ್ಣೆ ಹಚ್ಚಿಕೋ ಎಂದು ಎರಡು ಸಲ ಹೇಳಿದೆ. ಮೂರನೆಯ ಸಲ ಬಾಯಿ ತೆರೆದಾಗ ಅವಳು ಎದ್ದು ನನ್ನ ಚೀಲ ತಂದು ಕೈಗೆ ಕೊಟ್ಟಳು.

"ಹಚ್ಕೋತೀನಿ. ನೀ ನಡಿ, ಬಸ್ ಹೋಗ್ತೈತಿ."