ಸರ್ ಇಳಿಸುವ ತನಕ

ಒಂದು ತಿಂಗಳಿಂದ ನನ್ನ ಬೂಟಿನ ಲೇಸು ಕಟ್ಟುತ್ತಿರುವುದು ನನ್ನ ಏಳು ವರ್ಷದ ಮಗಳು. ನಾನು ಸೋಫಾದ ಮೇಲೆ ನೆಟ್ಟಗೆ ಕೂತು ಕಾಲು ಚಾಚುತ್ತೇನೆ. ಅವಳು ನೆಲದಲ್ಲಿ ಕೂತು, ನಾಲಿಗೆಯ ತುದಿ ಕಚ್ಚಿಕೊಂಡು ಗಂಟು ಹಾಕುತ್ತಾಳೆ.

"ಅಪ್ಪ, ಡಸ್ ಇಟ್ ಸ್ಟಿಲ್ ಹರ್ಟ್?"

"ಇಲ್ಲ ಪುಟ್ಟಿ" ಅನ್ನುತ್ತೇನೆ. ಶುದ್ಧ ಸುಳ್ಳು. ಬಗ್ಗಿದರೆ ಜೀವ ಹೋಗುತ್ತದೆ.

ಇದಕ್ಕೆಲ್ಲ ಕಾರಣ ಒಂದು ಕಬ್ಬಿಣದ ಗುಂಡು. ಕೆಟಲ್‌ಬೆಲ್ ಅಂತಾರೆ. ಗುಂಡಿನ ಮೇಲೊಂದು ಹಿಡಿಕೆ ಇರುತ್ತದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟ ಹಿಂದಕ್ಕೆ ತಳ್ಳಿ, ಕಾಲುಗಳ ನಡುವಿನಿಂದ ಎದೆಮಟ್ಟಕ್ಕೆ ಬೀಸಬೇಕು. ಇಳಿದು ಬಂದಾಗ ಮತ್ತೆ ಬೀಸಬೇಕು. ರಷ್ಯಾದವರ ಕಸರತ್ತಂತೆ, ಇಲ್ಲಿಗೆ ಈಗಷ್ಟೇ ಬಂದಿದೆ. (ಷೇರುಗಳು ನೆಲ ಕಚ್ಚಿದರೂ ಈ ಊರಿನಲ್ಲಿ ಹೊಸ ಶೋಕಿಗಳಿಗೆ ಬರವಿಲ್ಲ.)

ನನಗೂ ವ್ಯಾಯಾಮಕ್ಕೂ ಏನು ಸಂಬಂಧ? ಏನೂ ಇಲ್ಲ. ನನ್ನ ಸಂಬಂಧವೆಲ್ಲ ಸರ್ ಜೊತೆ.

ಸರ್ ಅಂದರೆ ಮೆನ್ಲೋ ಪಾರ್ಕಿನ ನಮ್ಮ ಡಾಟ್-ಕಾಮ್ ಕಂಪನಿಯ ಡೈರೆಕ್ಟರ್. ಮೈಸೂರಿನವರು. ಇಡೀ ಆಫೀಸು ಅವರನ್ನು 'ಶ್ರೀ' ಅಂತ ಹೆಸರು ಹಿಡಿದು ಕರೆಯುತ್ತದೆ, ರಿಸೆಪ್ಷನ್ನಿನ ಹುಡುಗಿಯೂ ಕೂಡ. ನನ್ನ ನಾಲಿಗೆ ಮಾತ್ರ ತಿರುಗುವುದಿಲ್ಲ. ಅವರು ಎರಡು ಸಲ "ಶ್ರೀ ಅನ್ನಿ ಗಿರೀಶ್" ಅಂದರು. "ಆಗಲಿ ಸರ್" ಅಂದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಆಫೀಸಿನಲ್ಲಿ ಗುಸುಗುಸು ಶುರುವಾಯಿತು. ಲೇಆಫ್ ಆಗಲಿದೆ, ಲಿಸ್ಟು ತಯಾರಾಗುತ್ತಿದೆ ಅಂತ. ನನ್ನ ವೀಸಾ ಕಂಪನಿಗೆ ಅಂಟಿಕೊಂಡಿದೆ. ಕೆಲಸ ಹೋದರೆ, ಬೇರೆಯದು ಬೇಗ ಸಿಗದಿದ್ದರೆ, ಗಂಟುಮೂಟೆ ಕಟ್ಟಬೇಕು. ಮಗಳ ಸ್ಕೂಲು ವರ್ಷದ ನಡುವೆ ನಿಂತುಹೋಗುತ್ತದೆ. ಹೆಂಡತಿ ಸುಮಾ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಆಗ ತಾನೇ ಕರಿಬೇವಿನ ಗಿಡ ನೆಟ್ಟಿದ್ದಳು.

ಅದೇ ಹೊತ್ತಿಗೆ ಮಧ್ಯಾಹ್ನದ ಬಿಡುವಿನಲ್ಲಿ ಪಾರ್ಕಿಂಗ್ ಲಾಟಿನಲ್ಲಿ ಕೆಟಲ್‌ಬೆಲ್ ಕ್ಲಾಸು ಶುರುವಾಯಿತು. ಕಲಿಸುವವನು ಟೆಸ್ಟಿಂಗ್ ಟೀಮಿನ ಒಲೆಗ್ ಎಂಬ ರಷ್ಯನ್. ಸರ್ ದಿನಾ ಹೋಗುತ್ತಾರೆ ಅಂತ ಗೊತ್ತಾಯಿತು. ಮಾರನೇ ವಾರವೇ ನಾನೂ ಶಾರ್ಟ್ಸ್ ತೊಟ್ಟು ಹಾಜರಾದೆ. ನಾಚಿಕೆಗೆಟ್ಟವನು!

ಪಕ್ಕದ ಕ್ಯೂಬಿಕಲ್ಲಿನಲ್ಲಿ ಕೂರುವ ಇರ್ಫಾನ್ ಹುಬ್ಬಳ್ಳಿಯವನು. ಶಾರ್ಟ್ಸ್ ನೋಡಿ ನಕ್ಕ.

"ನೀ ಹೊಂಟಿದ್ದು ಕಸರತ್ತಿಗಲ್ಲಲೇ, ಹಾಜರಿ ಹಾಕಾಕ. ಲಿಸ್ಟಿನಾಗ ಹೆಸರಿದ್ರ ಕಬ್ಬಣ ಎತ್ತಿದ್ರ ಅಳಿಸಿ ಹೋಗ್ತೈತೇನು?"

"ಆರೋಗ್ಯಕ್ಕೆ ಒಳ್ಳೇದು ಕಣೋ" ಅಂದೆ. ಅವನ ಮುಖ ನೋಡದೇ ಅಂದೆ.

ಮೊದಲ ದಿನ ಒಲೆಗ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಿಗಿನರ್? ಟೇಕ್ ಸ್ಮಾಲ್ ಒನ್" ಅಂದ. ಚಿಕ್ಕದು ಇದ್ದದ್ದು ಒಂದೇ. ಅದು ಸರ್ ಕೈಯಲ್ಲಿತ್ತು. ಅವರಿಗೆ ಅದು ಹಗುರವಾಗಿತ್ತು ಅನ್ನುವುದು ನನಗೂ ಕಾಣುತ್ತಿತ್ತು. ಆದರೆ ಕೇಳುವುದು ಹೇಗೆ? 'ಸರ್, ನಿಮ್ಮದು ಕೊಡಿ' ಅನ್ನುವುದೇ? ನಮ್ಮನ್ನು ಹಾಗೆ ಬೆಳೆಸಿದ್ದಾರೆಯೇ?

"ದೊಡ್ಡದು ತಗೊಳ್ಳಿ ಗಿರೀಶ್, ಯು ಆರ್ ಯಂಗ್" ಅಂದರು ಸರ್. ತಗೊಂಡೆ.

ಒಲೆಗ್‌ನದು ಒಂದೇ ನಿಯಮ. ಸುಸ್ತಾಯಿತೋ, ಕೆಳಗಿಡು. ಅದರಲ್ಲಿ ಮರ್ಯಾದೆಯ ಪ್ರಶ್ನೆ ಇಲ್ಲ. ಅವನು ಇದನ್ನು ಹತ್ತು ಸಲ ಹೇಳಿದ. ಅಮೆರಿಕನ್ ಹುಡುಗರು ಎಂಟು ಬೀಸಿ, ಉಸ್ಸಪ್ಪಾ ಅಂತ ಇಟ್ಟು, ನೀರು ಕುಡಿಯುತ್ತಿದ್ದರು. ಹೋದ ತಿಂಗಳಷ್ಟೇ ಕೆಲಸಕ್ಕೆ ಸೇರಿದ ಹುಡುಗಿ ಸರ್ ಎದುರಿಗೇ "ಐ ಆಮ್ ಡನ್" ಅಂತ ಲಾಟಿನ ಅಂಚಿನ ಹುಲ್ಲಿನ ಮೇಲೆ ಮಲಗಿಬಿಟ್ಟಳು. ನಾನು? ನಾನು ಸರ್ ಕಡೆ ನೋಡುತ್ತಿದ್ದೆ. ಅವರು ಇಳಿಸುವ ತನಕ ನಾನು ಇಳಿಸುವುದಿಲ್ಲ.

ನಮ್ಮ ಮನೆಯ ಊಟದ ಪಂಕ್ತಿಯಲ್ಲಿ ಹಿರಿಯರು ಏಳುವ ಮುಂಚೆ ಯಾರೂ ಏಳುತ್ತಿರಲಿಲ್ಲ. ಎಂಜಲು ಕೈ ಒಣಗಿ ಬಿರಿದರೂ ಕೂತೇ ಇರುತ್ತಿದ್ದೆವು. ಅದು ಮರ್ಯಾದೆ ಅಂತ ಕಲಿತೆ. ಆ ಮರ್ಯಾದೆಯನ್ನು ಇಷ್ಟು ದೂರ ಹೊತ್ತು ತಂದು, ಕ್ಯಾಲಿಫೋರ್ನಿಯಾದ ಪಾರ್ಕಿಂಗ್ ಲಾಟಿನಲ್ಲಿ ಮೂವತ್ತೈದು ಪೌಂಡಿನ ಕಬ್ಬಿಣ ಹಿಡಿದು ಪಾಲಿಸುತ್ತಿದ್ದೆ.

"ವೈ ಯು ಲುಕ್ ಅಟ್ ಹಿಮ್? ಲುಕ್ ಫಾರ್ವರ್ಡ್!" ಅಂತ ಒಲೆಗ್ ಗದರಿದ. ಮುಂದೆ ನೋಡಿದರೆ ಸರ್ ಇಳಿಸಿದ್ದು ಗೊತ್ತಾಗುವುದು ಹೇಗೆ ಮಹಾರಾಯ?

ಹತ್ತನೇ ದಿನ ಸರ್ ಹುರುಪಿನಲ್ಲಿದ್ದರು. ಹದಿನೈದು ದಾಟಿತು, ಇಪ್ಪತ್ತು ದಾಟಿತು. ನನ್ನ ಸೊಂಟ ಯಾವಾಗಲೋ ಕೈಬಿಟ್ಟಿತ್ತು, ಬೆನ್ನೇ ಎಲ್ಲ ಎತ್ತುತ್ತಿತ್ತು. ಇಪ್ಪತ್ತಮೂರಕ್ಕೆ ಒಳಗೆಲ್ಲೋ 'ಕಟಕ್' ಅಂದಿತು. ಕಣ್ಣು ಕತ್ತಲೆ ಬಂತು. ಆಗಲೂ ಇಡಲಿಲ್ಲ ನೋಡಿ. ಸರ್ ಇಪ್ಪತ್ತೈದಕ್ಕೆ ಇಳಿಸಿದರು. ಆಮೇಲೆ ನಾನು ಇಳಿಸಿದೆ.

"ಪೇಯ್ನ್?" ಅಂತ ಒಲೆಗ್ ಓಡಿ ಬಂದ.

ನಾನು ಉತ್ತರ ಕೊಟ್ಟದ್ದು ಸರ್‌ಗೆ. "ಏನಿಲ್ಲ ಸರ್, ಸ್ವಲ್ಪ ಹಿಡ್ಕೊಂಡಿದೆ."

"ಗುಡ್ ಸ್ಪಿರಿಟ್ ಗಿರೀಶ್, ಕೀಪ್ ಇಟ್ ಅಪ್" ಅಂತ ಭುಜ ತಟ್ಟಿದರು. ಆ ನೋವಿನಲ್ಲೂ ಏನು ಖುಷಿ ಗೊತ್ತಾ ನನಗೆ? ಬಚಾವಾದೆ ಅಂದುಕೊಂಡೆ!

ರಜೆ ಹಾಕಲಿಲ್ಲ. ರೋಗಿಷ್ಠ ಅಂತ ಗೊತ್ತಾದರೆ ಲಿಸ್ಟಿಗೆ ಸೇರಿಸಿಯಾರು ಅನ್ನುವ ಭಯ. ಸೊಂಟಕ್ಕೆ ಬೆಲ್ಟ್ ಬಿಗಿದು, ಅದರ ಮೇಲೆ ಸಡಿಲ ಶರಟು ಹಾಕಿ ಹತ್ತು ದಿನ ಆಫೀಸಿಗೆ ಹೋದೆ. ಫ್ರೀವೇಯಲ್ಲಿ ಬ್ರೇಕ್ ಒತ್ತಿದಾಗೆಲ್ಲ ಕಣ್ಣಲ್ಲಿ ನೀರು. ಕ್ಲಾಸಿಗೂ ಹೋಗಿ, ಮರದ ಕೆಳಗೆ ನಿಂತು ಸರ್ ಬೀಸಿದ್ದನ್ನು ಎಣಿಸುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ಎಚ್‌ಆರ್‌ನವರು ಕರೆದರು. ಇರ್ಫಾನ್‌ನನ್ನೂ, ಇನ್ನೂ ಕೆಲವರನ್ನೂ ಕರೆದಿದ್ದರು. ಪತ್ರ ಕೊಟ್ಟರು, ರಟ್ಟಿನ ಪೆಟ್ಟಿಗೆ ಕೊಟ್ಟರು. ಪತ್ರದ ಮೇಲಿನ ತಾರೀಖು ನೋಡಿದೆ. ನಾನು ಮೊದಲ ದಿನ ಕೆಟಲ್‌ಬೆಲ್ ಮುಟ್ಟುವುದಕ್ಕೂ ನಾಲ್ಕು ದಿನ ಹಿಂದಿನದು. ಕೆಳಗೆ ಸರ್ ಸಹಿ.

ಅಂದರೆ ಭುಜ ತಟ್ಟಿದ ದಿನ ಅವರಿಗೆ ಗೊತ್ತಿತ್ತು. "ಯು ಆರ್ ಯಂಗ್" ಅಂದ ದಿನವೂ ಗೊತ್ತಿತ್ತು.

"ಸರ್ ಎಲ್ಲಿ?" ಅಂದೆ. ಎಚ್‌ಆರ್ ಹೆಂಗಸು ಕಿಟಕಿಯತ್ತ ನೋಡಿದಳು. ಹೊರಗೆ ಬಿಸಿಲಲ್ಲಿ ಅವರು ಚಿಕ್ಕ ಕೆಟಲ್‌ಬೆಲ್ ಹಿಡಿದು ಬೀಸುತ್ತಿದ್ದರು.

ಇರ್ಫಾನ್ ಪೆಟ್ಟಿಗೆ ಹೊತ್ತು ನೇರ ಅಲ್ಲಿಗೇ ನಡೆದ. "ಶ್ರೀ, ಈ ಹೊತ್ತಿನಾಗ ನೀವು ಒಳಗ ಇರಬೇಕಿತ್ರಿ" ಅಂತ ಎಲ್ಲರೆದುರು ಅಂದು, ಕೈಕುಲುಕಿ ಹೋದನಂತೆ. ನಾನು ಏನು ಮಾಡಿದೆ? ಸರ್‌ಗೆ ಮುಜುಗರ ಆಗಬಾರದು ಅಂತ ಹಿಂಬಾಗಿಲಿನಿಂದ ಹೊರಟೆ. ನಾನೇ! ಬೆನ್ನು ಮುರಿದುಕೊಂಡವನು, ಕೆಲಸ ಕಳೆದುಕೊಂಡವನು, ಅವರ ಮುಜುಗರದ ಚಿಂತೆ ಮಾಡಿದೆ.

ಈಗ ದಿನಾ ಹತ್ತು ಕಡೆ ರೆಸ್ಯೂಮೆ ಕಳಿಸುತ್ತೇನೆ. ಯಾರೂ ತಿರುಗಿ ಫೋನ್ ಮಾಡುವುದಿಲ್ಲ. ಮಗಳ ಸ್ಕೂಲಿಗೆ ಏನು ಹೇಳುವುದು ಅಂತ ಸುಮಾ ದಿನಾ ಕೇಳುತ್ತಾಳೆ.

ಮೊನ್ನೆ ಭಾನುವಾರ ಸನ್ನಿವೇಲಿನ ದೇವಸ್ಥಾನಕ್ಕೆ ಹೋಗಿದ್ದೆವು. ಪ್ರಸಾದ ಹಂಚುವ ಹಾಲ್ ಜನರಿಂದ ಕಿಕ್ಕಿರಿದಿತ್ತು. ಸುಮಾ ನನ್ನ ಬೆನ್ನಿಗೋಸ್ಕರ ಯಾರನ್ನೋ ಗೋಗರೆದು ಒಂದು ಕುರ್ಚಿ ಹಿಡಿದಳು. ಕೂತೆ, ಹಾಯೆನಿಸಿತು. ಆಗ ಸರ್ ಬಂದರು. ಕೈಯಲ್ಲಿ ಪುಳಿಯೋಗರೆ ತಟ್ಟೆ, ಕೂರಲು ಜಾಗವಿಲ್ಲ.

ನಾನು ಎದ್ದು ನಿಂತೆ.

ಏಳುವಾಗ ಬಾಯಿಂದ "ಅಮ್ಮಾ" ಅಂತ ಬಂತು. "ಕೂತ್ಕೊಳ್ಳಿ ಸರ್" ಅಂದೆ. ಅವರು ಕೂತರು. ಕೂತು, ಒಂದು ತುತ್ತು ತಿಂದು, "ನಿಮ್ಮ ಕೋರ್ ಮಸಲ್ಸ್ ವೀಕ್ ಗಿರೀಶ್. ಪ್ರಾಕ್ಟೀಸ್ ಬಿಡಬೇಡಿ" ಅಂದರು.

"ಇಲ್ಲ ಸರ್" ಅಂದೆ.

ಕಾರಿನಲ್ಲಿ ಸುಮಾ ಮಗಳಿಗೆ ಸೀಟ್‌ಬೆಲ್ಟ್ ಕಟ್ಟಿದಳು. ಆಮೇಲೆ, "ಆ ಕುರ್ಚಿ ನಾನು ನಿಮಗೆ ಅಂತ ಬೇಡಿ ತಂದಿದ್ದು ಕಣ್ರೀ" ಅಂದಳು. ಅಷ್ಟೇ.

ಕಂಪನಿ ನನ್ನನ್ನು ಕೆಲಸದಿಂದ ತೆಗೆದು ಮೂರು ವಾರವಾಯಿತು. ನಾನು ಕೆಲಸ ಬಿಡುವುದು ಯಾವಾಗ?