ಡ್ಯಾಶ್‌ಬೋರ್ಡಿನ ಬಾಯಿ ಮುಚ್ಚಿಸುವ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶೆಡ್ಡಿನೊಳಗೆ ಹಳೆಯ ಪಿಕಪ್ ಗಾಡಿಯೊಂದು ಎರಡೂ ಬಾಗಿಲು ತೆರೆದುಕೊಂಡು ನಿಂತಿದೆ. ಅದರ ಡ್ಯಾಶ್‌ಬೋರ್ಡನ್ನು ಬಿಚ್ಚಿ ಮೇಜಿನ ಮೇಲೆ ಮಲಗಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಅಕ್ಕ ಬಿರುಕಿನ ಉದ್ದಕ್ಕೂ ಉಗುರು ಆಡಿಸುತ್ತಿದ್ದಾರೆ. ಪಕ್ಕದಲ್ಲಿ ಗಾಡಿಯ ಡ್ರೈವರ್ ಕೈಕಟ್ಟಿ ನಿಂತಿದ್ದಾನೆ.

ಅಕ್ಕನ ಬಗ್ಗೆ ಬರೆಯಲು ಬಂದಿರುವ ನಾನು, ಇಷ್ಟು ಬೇಗ ಯಾಕೆ ಎಂದು ಕೇಳುತ್ತೇನೆ. “ಬಿಸಿಲೇರಿದ್ರೆ ಪ್ಲಾಸ್ಟಿಕ್ ಹಿಗ್ಗುತ್ತೆ. ಬಿರುಕು ಮುಚ್ಕೊಂಡು ಏನೂ ಗೊತ್ತಿಲ್ದೋರ ಥರ ಕೂತಿರುತ್ತೆ. ಈ ಚಳೀಲಿ ನೋಡಿ, ಪೂರ್ತಿ ಬಾಯಿ ಬಿಟ್ಟಿದೆ. ಈಗ್ಲೇ ತುಂಬಬೇಕು.” ಈ ಕೆಲಸಕ್ಕಿಳಿದ ಹೊಸತರಲ್ಲಿ ಒಂದು ಗಾಡಿಯ ಬಿರುಕನ್ನು ಮಧ್ಯಾಹ್ನ ತುಂಬಿ ಕಳಿಸಿದ್ದರಂತೆ. ಮರುದಿನ ಬೆಳಿಗ್ಗೆ ಅದೇ ಗಾಡಿ ಅದೇ ಬಿರುಕಿನೊಂದಿಗೆ ಬಾಗಿಲಲ್ಲಿತ್ತು.

ಅಕ್ಕ ಮತ್ತು ಯಜಮಾನರು ಮೊದಲು ಗಾಡಿಗಳ ಸೀಟು ಹೊಲಿಯುತ್ತಿದ್ದವರು. ಸಿದ್ಧ ಕವರುಗಳು ಬಂದವು, ಹೊಲಿಗೆ ಯಂತ್ರ ಮೂಲೆ ಸೇರಿತು. ಅದೇ ಹೊತ್ತಿಗೆ ಯಜಮಾನರ ಬಲಭುಜ ಮೇಲೇಳದಂತಾಯಿತು. ಒಲೆ ಉರಿಯಬೇಕಲ್ಲ, ಅಕ್ಕ ಸೀಟಿನಿಂದ ಡ್ಯಾಶ್‌ಬೋರ್ಡಿಗೆ ಬಂದರು. ಹಳೇ ಮಾದರಿಗಳಿಗೆ ಹೊಸದು ಎಲ್ಲೂ ಸಿಗುವುದಿಲ್ಲ, ಹಾಗಾಗಿ ವಾರಕ್ಕೆ ಮೂರು ನಾಲ್ಕಾದರೂ ಬರುತ್ತವೆ. ಯಜಮಾನರು ಸ್ಟೂಲಿನ ಮೇಲೆ ಕೂತು ಬಿಚ್ಚಿದ ಸ್ಕ್ರೂಗಳನ್ನು ತಟ್ಟೆಯಲ್ಲಿ ಜೋಡಿಸುತ್ತಾರೆ. “ನನ್ ಬಾಯಿ ಮುಚ್ಚಿಸಿ ಅಭ್ಯಾಸ ಇದೆ ಇವಳಿಗೆ, ಪ್ಲಾಸ್ಟಿಕ್ ಯಾವ ಲೆಕ್ಕ” ಎನ್ನುತ್ತಾರೆ. ಅಕ್ಕ ಕೆಲಸದಿಂದ ತಲೆಯೆತ್ತದೆಯೇ ನಗುತ್ತಾರೆ.

ಡ್ರೈವರನಿಗೆ ಮಾತ್ರ ನಗು ಬರುತ್ತಿಲ್ಲ. ಅವನು ಸಾಗಿಸುವುದು ಗಾಜು. “ಹಿಂದೆ ಗಾಜು ಸ್ವಲ್ಪ ಸರಿದ್ರೂ ಸಣ್ಣಗೆ ಟಣ್ ಅನ್ನುತ್ತೆ. ಕೇಳಿದ್ ತಕ್ಷಣ ನಿಲ್ಸಿ ಹಗ್ಗ ಬಿಗೀತೀನಿ. ಇದು ಮುಂದೆ ಕಿರಕಿರ ಅಂತ ಬಡ್ಕೊಳ್ತಿದ್ರೆ ನಂಗೇನ್ ಕೇಳುತ್ತೆ?” ಕಳೆದ ವಾರ ಕೇಳಿಸಲಿಲ್ಲ, ಗಾಜು ಒಡೆಯಿತು. ಇನ್ನೊಂದು ಒಡೆದರೆ ಬರಬೇಡ ಎಂದಿದ್ದಾರೆ ಗಾಜಿನ ಅಂಗಡಿಯವರು. ನಾಳೆ ಆಳೆತ್ತರದ ಗಾಜು ಹೋಗಬೇಕು.

“ಆಗುತ್ತೆ ತಮ್ಮ, ಸುಮ್ನಿರು” ಎನ್ನುತ್ತಾರೆ ಅಕ್ಕ. ಬಿರುಕು ಮುಂದೆ ಓಡದಂತೆ ಅದರ ತುದಿಗೆ ಸಣ್ಣ ತೂತು ಕೊರೆಯುತ್ತಾರೆ. ಬಿರುಕಿನ ಅಡಿಯಲ್ಲಿ ಆಧಾರಕ್ಕೆ ಸಣ್ಣ ಕಣ್ಣಿನ ಬಲೆ ಅಂಟಿಸಿ, ಮೇಲಿನಿಂದ ರಬ್ಬರಿನಂತೆ ಬಾಗುವ ಅಂಟು ತುಂಬುತ್ತಾರೆ. ಮಧ್ಯಾಹ್ನ ಉಜ್ಜುವುದು, ಸಂಜೆ ಬಣ್ಣ.

ಮರುದಿನ ಬೆಳಿಗ್ಗೆ ಡ್ಯಾಶ್‌ಬೋರ್ಡ್ ಕೂರಿಸಿ, ಹಂಪುಗಳ ರಸ್ತೆಯಲ್ಲಿ ಒಂದು ಸುತ್ತು ಹೊರಡುತ್ತೇವೆ. ಅಕ್ಕನ ಕೈ ಬಿರುಕಿದ್ದ ಜಾಗದ ಮೇಲೇ ಇದೆ. ಎರಡನೇ ಹಂಪು ದಾಟುವಾಗ ಕಿಣಿಕಿಣಿ ಸದ್ದು. ಡ್ರೈವರನ ಮುಖ ಸುಣ್ಣವಾಗುತ್ತದೆ. ಅಕ್ಕ ಗಾಡಿ ನಿಲ್ಲಿಸಲು ಹೇಳಿ, ಡ್ಯಾಶ್‌ಬೋರ್ಡಿನ ಖಾನೆ ತೆರೆದು, ಅವನ ಊಟದ ಡಬ್ಬಿಯ ಮುಚ್ಚಳ ತೆಗೆದು ಅದರೊಳಗಿನ ಚಮಚ ಎತ್ತಿ ತೋರಿಸುತ್ತಾರೆ.

“ಇದನ್ನ ನಾನ್ ರಿಪೇರಿ ಮಾಡಲ್ಲಪ್ಪ.”

ಡ್ರೈವರ್ ಆಗ ನಗುತ್ತಾನೆ, ಎರಡು ದಿನದಲ್ಲಿ ಮೊದಲ ಬಾರಿಗೆ. ಗಾಜು ತುಂಬಿಸಿಕೊಳ್ಳಲು ಹೊರಟವನಿಗೆ ಅಕ್ಕ ಹೇಳುವುದು ಇಷ್ಟೇ: “ತಲುಪಿದ್ಮೇಲೆ ಒಂದ್ ಫೋನ್ ಮಾಡು.”

ನಿಮ್ಮ ಆಸೆ ಏನು ಎಂದು ನಾನು ಕೇಳುತ್ತೇನೆ, ಇಂಥ ಬರಹಕ್ಕೆ ಅದು ಬೇಕಲ್ಲ. ಶೆಡ್ಡಿಗೊಂದು ಒಳ್ಳೇ ಲೈಟು ಹಾಕಿಸಬೇಕು ಎನ್ನುತ್ತಾರೆ, ಆದರೆ ಕಣ್ಣು ಫೋನಿನ ಮೇಲೇ ಇರುತ್ತದೆ. ಮಧ್ಯಾಹ್ನದ ಊಟ ಅರ್ಧಕ್ಕೇ ನಿಂತಿದೆ. ಯಜಮಾನರೂ ತಮಾಷೆ ಬಿಟ್ಟಿದ್ದಾರೆ.

ಸಂಜೆ ಹೊತ್ತಿಗೆ ಫೋನು ಬರುತ್ತದೆ. “ಗಾಜು ಇಳಿಸಾಯ್ತು ಅಕ್ಕ, ಒಂದ್ ಗೀಟೂ ಬಿದ್ದಿಲ್ಲ. ದಾರೀಲಿ ಒಂದ್ಸಲ ಟಣ್ ಅಂತು. ನಿಲ್ಸಿ ಹಗ್ಗ ಬಿಗಿದೆ. ತಗೊಳ್ಳಿ, ನೀವೇ ಕೇಳಿ.” ನಿಂತ ಗಾಡಿಯ ಇಂಜಿನ್ ಚಾಲೂ ಮಾಡಿ ಫೋನನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದಾನೆ. ಅಕ್ಕ ಉಸಿರು ಹಿಡಿದು ಕಿವಿಗೊಡುತ್ತಾರೆ. ಆಮೇಲೆ ಫೋನನ್ನು ಯಜಮಾನರ ಕಿವಿಗೆ ಹಿಡಿಯುತ್ತಾರೆ.

“ಇಂಜಿನ್ ಬಿಟ್ರೆ ಏನೂ ಕೇಳಿಸ್ತಿಲ್ವಲ್ಲೇ” ಎನ್ನುತ್ತಾರೆ ಅವರು.

“ಹೂಂ” ಎನ್ನುತ್ತಾರೆ ಅಕ್ಕ, ಮುಖವೆಲ್ಲ ಅರಳಿಸಿಕೊಂಡು. “ಚೆನ್ನಾಗಿ ಕೇಳಿ.”